ಈಥರ್ ಕೊಡುತ್ತಿದ್ದ ದೊಡ್ಡ ಸಿಸ್ಟರ್

ದೊಡ್ಡ ಸಿಸ್ಟರ್ ಅವರ ಎಡಗೈ ಬೆರಳ ತುದಿಗಳು ಮೇ ತಿಂಗಳಲ್ಲೂ ಬಿಳಿಚಿ, ಒಡೆದು, ಸಿಪ್ಪೆ ಎದ್ದಿರುತ್ತಿದ್ದವು. ಅದು ಈಥರ್ ಮಾಡಿದ ಕೆಲಸ. ಶಸ್ತ್ರಕ್ರಿಯೆಗೆ ಬಂದವರ ಮುಖದ ಮೇಲೆ ಅರಿವೆಯ ಮುಸುಕಿಟ್ಟು, ಆ ಔಷಧಿಯನ್ನು ಹನಿಹನಿಯಾಗಿ ಸುರಿದು ಎಚ್ಚರ ತಪ್ಪಿಸುವುದನ್ನು ಅವರು ಇಪ್ಪತ್ತೈದು ವರ್ಷ ಮಾಡಿದ್ದರು.

ನಾನು ಖಂಡೇರಾಜುರಿಯಿಂದ ಮೀರಜದ ಆ ಸಣ್ಣ ಆಸ್ಪತ್ರೆಗೆ ನರ್ಸಾಗಿ ಬಂದ ಮೊದಲ ದಿನ, ಅವರು ನನ್ನ ಮುಂಗೈ ಮೇಲೆ ಒಂದು ಹನಿ ಈಥರ್ ಬಿಟ್ಟರು. ಕೈ ಜುಮ್ಮೆಂದು ತಣ್ಣಗಾಯಿತು.

“ಎಲ್ಲಿ ಹೋತು?”

“ಆರಿಹೋತ್ರಿ.”

“ಬರೇ ಹೋಗಲಿಲ್ಲ. ನಿನ್ನ ಕೈಯಾಗಿನ ಬಿಸಿ ತಗೊಂಡು ಹೋತು. ಬಿಸಿ ಸಿಕ್ಕಷ್ಟು ಹಾರತೈತಿ, ಸಿಗಲಿಲ್ಲಂದ್ರ ಅಲ್ಲೇ ಕುಂದರತೈತಿ. ಹನಿ ಎಣಿಸಬ್ಯಾಡ, ಪೇಶಂಟನ ಉಸಿರು ನೋಡು.”

ಬೇಸಿಗೆಯಲ್ಲಿ ಬಾಟಲಿಗೆ ಒದ್ದೆ ಬಟ್ಟೆ ಸುತ್ತಿ ನೆರಳಲ್ಲಿ ಇಡುತ್ತಿದ್ದರು. ನಾನೊಮ್ಮೆ ಮುಚ್ಚಳ ಸರ್ರನೆ ತಿರುವಿದಾಗ ಈಥರ್ ಬುಸ್ಸೆಂದು ಮುಖಕ್ಕೇ ಚಿಮ್ಮಿತು. ಅವರು ಬೈಯಲಿಲ್ಲ. “ಸೆಕಿಗೆ ಒಳಗ ಆವಿ ಒತ್ತಿಕೊಂಡು ಕುಂತಿರತೈತಿ. ಅದಕ್ಕ ಸಾವಕಾಶ ದಾರಿ ಕೊಡು,” ಎಂದು ಕಣ್ಣಿಗೆ ನೀರು ಹಾಕಿದರು.

ಅದೇ ವರ್ಷಗಳಲ್ಲಿ ವಿಶ್ರಾಮಬಾಗದ ರಸ್ತೆಯುದ್ದಕ್ಕೂ ಹೊಸ ಹೊಸ ಆಸ್ಪತ್ರೆಗಳು ಎದ್ದವು. ನಮ್ಮಲ್ಲೂ ಶಸ್ತ್ರಕ್ರಿಯೆಗೆಂದು ಮೇಲೊಂದು ಮಹಡಿ ಕಟ್ಟಿದರು. ಎಸಿ ಬಂತು, ಯಾರೋ ಬಳಸಿ ಬಿಟ್ಟ, ಎಚ್ಚರ ತಪ್ಪಿಸುವ ವಿದೇಶಿ ಯಂತ್ರ ಬಂತು, ಅದನ್ನು ನಡೆಸಲು ಪುಣೆಯಲ್ಲಿ ಕಲಿತ ತರುಣ ಡಾಕ್ಟರೊಬ್ಬರು ಬಂದರು. ಔಷಧಿ ಎಷ್ಟು ಹೋಗಬೇಕೆಂಬುದಕ್ಕೆ ಯಂತ್ರದ ಮೇಲೆ ಅಂಕಿಗಳಿದ್ದವು. ದೊಡ್ಡ ಸಿಸ್ಟರ್ ಪಕ್ಕದಲ್ಲಿ ನಿಂತು ನಾಡಿ ಹಿಡಿಯುವವರಾದರು.

ಒಂದು ಮೇ ಮಧ್ಯಾಹ್ನ ನನ್ನ ಅಣ್ಣನ ಹೆಂಡತಿಗೆ, ನಮ್ಮ ವೈನಿಗೆ, ಹೊಟ್ಟೆ ಕೊಯ್ದು ಹೆರಿಗೆ ಮಾಡಬೇಕಾಯಿತು. ಕೂಸು ಹೊರಬಂದು ಅತ್ತಿತು; ಅದನ್ನು ಒರೆಸಿ, ಸುತ್ತಿ ಮಲಗಿಸಿ ನಾನು ವೈನಿಯ ತಲೆಯ ಕಡೆಗೆ ಬಂದೆ. ಹೊಲಿಗೆ ಹಾಕುವಾಗ ಕರೆಂಟು ಹೋಯಿತು. ಎಸಿ ನಿಂತಿತು. ಬ್ಯಾಟರಿ ದೀಪದಲ್ಲೇ ಕೆಲಸ ಸಾಗಿತು; ಸಿಲಿಂಡರಿನ ಗಾಳಿಯಿಂದ ನಡೆಯುವ ಯಂತ್ರ ಕರೆಂಟಿಲ್ಲದೆಯೂ ಔಷಧಿ ಕೊಡುತ್ತಲೇ ಇತ್ತು. ಬಿಸಿಲಿಗೆ ಕಾದ ಮಾಳಿಗೆಯ ಕೆಳಗೆ ಖೋಲಿ ಭಟ್ಟಿಯಾಯಿತು.

“ಡಾಕ್ಟರ, ನಾಡಿ ಇಳಿಯಾಕತ್ತೈತ್ರಿ,” ಎಂದರು ದೊಡ್ಡ ಸಿಸ್ಟರ್.

ತರುಣ ಡಾಕ್ಟರು ಯಂತ್ರ ನೋಡಿ, “ಅಂಕಿ ಸರಿ ಐತಿ,” ಎಂದರು.

“ಅಂಕಿ ಅದೇ ಐತ್ರಿ, ಖೋಲಿ ಅದೇ ಉಳಿದಿಲ್ಲ. ಔಷಧ ಹೆಚ್ಚಿಗಿ ಹಾರಾಕತ್ತೈತಿ.”

ಡಾಕ್ಟರು ಮತ್ತೆ ಅಂಕಿಯನ್ನೇ ನೋಡಿದರು. ವೈನಿಯ ತುಟಿ ನೀಲಿಯಾಗುತ್ತಿತ್ತು. ದೊಡ್ಡ ಸಿಸ್ಟರ್ ಕೈ ಚಾಚಿ ಯಂತ್ರವನ್ನು ಸೊನ್ನೆಗೆ ತಿರುಗಿಸಿದರು, ಚೀಲ ಒತ್ತಿ ಆಮ್ಲಜನಕ ಕೊಡತೊಡಗಿದರು. ಎಷ್ಟು ಹೊತ್ತೋ ಕಾಣೆ. ಕೊನೆಗೆ ವೈನಿ ಕೆಮ್ಮಿದರು.

ಮರುದಿನ ಆಸ್ಪತ್ರೆಯ ಯಜಮಾನರಾದ ಹಿರಿಯ ಡಾಕ್ಟರ ಮುಂದೆ ವಿಚಾರಣೆ ನಡೆಯಿತು. ರೋಗಿಗೆ ಏನೂ ಆಗಿರಲಿಲ್ಲ, ನರ್ಸು ಕೇಳದೆ ಯಂತ್ರ ಮುಟ್ಟಿದಳು ಎಂದರು ತರುಣ ಡಾಕ್ಟರು.

“ಹೌದ್ರಿ, ಕೇಳಲಿಲ್ಲ,” ಎಂದರು ದೊಡ್ಡ ಸಿಸ್ಟರ್.

ಹಿರಿಯರು ನನ್ನ ಕಡೆ ತಿರುಗಿದರು. “ನೀ ಏನ ನೋಡಿದಿ?”

ನನ್ನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. “ನಾ ಕೂಸಿನ ಕಡೆ ಇದ್ನಿರಿ, ನನಗೇನೂ ಕಾಣಲಿಲ್ಲ,” ಎಂದೆ.

ದೊಡ್ಡ ಸಿಸ್ಟರ್ ಅವರನ್ನು ಕೆಳಗಿನ ವಾರ್ಡಿಗೆ ಹಾಕಿದರು. ನಿವೃತ್ತಿಯವರೆಗೆ ಬೆಡ್‌ಪ್ಯಾನು, ಥರ್ಮಾಮೀಟರುಗಳಲ್ಲೇ ದಿನ ಕಳೆದರು. ನನ್ನೊಡನೆ ಒಂದು ದಿನವೂ ಮಾತು ಬಿಡಲಿಲ್ಲ. ಅದೇ ನನಗೆ ಹೆಚ್ಚು ನೋಯುತ್ತಿತ್ತು.

ವರ್ಷಗಳಾದ ಮೇಲೆ, ಅವರು ಹರಿಪುರದಲ್ಲಿ ತಂಗಿಯ ಮನೆಯಲ್ಲಿ ಹಾಸಿಗೆ ಹಿಡಿದಾಗ ನೋಡಲು ಹೋದೆ. “ಆವತ್ತು ನಾ ಎಲ್ಲಾ ನೋಡಿದ್ನಿರಿ,” ಎಂದೆ.

“ಗೊತ್ತೈತಿ. ನಿನಗ ನೌಕರಿ ಬೇಕಾಗಿತ್ತು,” ಎಂದರು. ಆಮೇಲೆ, “ಆ ಕೂಸು ಈಗ ಸಾಲ್ಯಾಗ ಎಷ್ಟನೇತ್ತಾ?” ಎಂದು ಕೇಳಿದರು.

“ಏಳನೇ ರಿ.”

“ಛಲೋ ಆತು.”

ಹದಿನೈದು ದಿನದಲ್ಲಿ ಅವರು ತೀರಿಕೊಂಡರು. ಮಣ್ಣು ಮುಗಿಸಿಕೊಂಡು ನೇರ ಆಸ್ಪತ್ರೆಗೆ ಹೋಗಿ, ಹಿರಿಯ ಡಾಕ್ಟರ ಮುಂದೆ ನಿಂತು ಕಂಡದ್ದನ್ನೆಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಇದನ್ನ ಆಗ ಹೇಳಿದ್ದರ…” ಎಂದು ಶುರುಮಾಡಿದವರು ಮುಂದೆ ಮಾತಾಡಲಿಲ್ಲ. ಆ ಮಾತಿನ ಉಳಿದ ಅರ್ಧ ಇವತ್ತಿಗೂ ನನ್ನ ಮೇಲಿದೆ.