ಹೊಲಿಗೆ ಮಿಷನ್ನಿನ ಸ್ಕ್ರೂಡ್ರೈವರ್

ಸೈಕಲ್ ಅಂಗಡಿಯ ಸ್ಕ್ರೂಡ್ರೈವರ್ ಹಿಡಿದು ಬಂದೂಕು ಬಿಚ್ಚುವವರ ಕೈ ಮುರಿಯಬೇಕು ಎಂದು ಎಷ್ಟೋ ವರ್ಷ ಹೇಳಿಕೊಂಡು ಬಂದವನು ನಾನು. ಈಗ ಹೇಳುವುದಿಲ್ಲ. ನನ್ನ ಮಾತಿನಿಂದ ಒಂದು ಕೈ ನಿಜವಾಗಿಯೂ ಮುರಿದಿದೆ.

ಜಹೀರಾಬಾದಿನಲ್ಲಿ ನನ್ನದು ಲೈಸೆನ್ಸ್ ಇರುವ ಬಂದೂಕುಗಳ ರಿಪೇರಿ ಅಂಗಡಿ. ಪೇಟೆಯಲ್ಲಿ ಸಿಗುವ ಸ್ಕ್ರೂಡ್ರೈವರಿನ, ನಮ್ಮ ಕಡೆಯವರು ಪೇಚಕಸ್ ಅನ್ನುವುದರ, ತುದಿ ಉಳಿಯ ಹಾಗೆ ಇಳಿಜಾರು. ಸ್ಕ್ರೂ ತಲೆಯ ಕಚ್ಚಿನ ಬಾಯಲ್ಲಷ್ಟೇ ಕೂರುತ್ತದೆ, ತಳ ಮುಟ್ಟುವುದಿಲ್ಲ. ಬಲ ಹಾಕಿದರೆ ಮೇಲೆದ್ದು ಜಾರುತ್ತದೆ, ಕಚ್ಚಿನ ಅಂಚು ಕಿತ್ತು ಹೋಗುತ್ತದೆ, ಅಜ್ಜನ ಕಾಲದ ಉಕ್ಕಿನ ಮೇಲೆ ಗೀರು ಬೀಳುತ್ತದೆ. ಬಂದೂಕಿನ ಕಚ್ಚುಗಳು ಬಹಳ ಸಪೂರ, ಒಂದರ ಅಳತೆ ಇನ್ನೊಂದಕ್ಕಿಲ್ಲ. ಅದಕ್ಕೇ ನನ್ನ ಹತ್ತಿರ ನಲವತ್ತು ಸ್ಕ್ರೂಡ್ರೈವರುಗಳಿವೆ. ಎಲ್ಲವನ್ನೂ ನಾನೇ ಸಾಣೆ ಹಿಡಿದು, ಎರಡೂ ಮೈ ಸಮ ಮಾಡಿ, ಕಚ್ಚಿನ ಅಗಲಕ್ಕೂ ದಪ್ಪಕ್ಕೂ ಸರಿಯಾಗಿ ಕೂರುವಂತೆ ಮಾಡಿದ್ದೇನೆ. ಮೊದಲು ಸೂಜಿಯಿಂದ ಕಚ್ಚಿನ ಮಣ್ಣು ತೆಗೆಯಬೇಕು. ಆಮೇಲೆ ತುದಿ ಕೂರಿಸಿ, ಮೈಭಾರ ಅದರ ಮೇಲೆ ಬಿಟ್ಟು, ನಿಧಾನಕ್ಕೆ ತಿರುಗಿಸಬೇಕು.

ಕೆಟ್ಟ ಕಚ್ಚನ್ನು ಒಮ್ಮೆ ನೋಡಿ, ಅದನ್ನು ಯಾವುದರಿಂದ ಬಿಚ್ಚಿದ್ದಾರೆ ಎಂದು ಹೇಳುವುದು ನನ್ನ ಜಂಭ. ಚಾಕುವೋ, ಉಳಿಯೋ, ಮುರಿದ ಕತ್ತರಿಯೋ, ಎಲ್ಲ ಗೊತ್ತಾಗುತ್ತಿತ್ತು. ಗಿರಾಕಿಯ ಮಾನ ಕಳೆಯುವ ಈ ಆಟ ನೋಡಲು ಎದುರಿನ ಚಹಾದಂಗಡಿಯ ಜನ ಗ್ಲಾಸು ಹಿಡಿದುಕೊಂಡೇ ಬಂದು ನಿಲ್ಲುತ್ತಿದ್ದರು. ಧಾರೂರಿನ ಒಬ್ಬ ನಿವೃತ್ತ ಮಾಸ್ತರರನ್ನು, "ಇದೇನ್ರಿ ಮಾಸ್ತರ, ಪೇಚು ಬಿಚ್ಚೀರೋ, ಹಲ್ಲು ಕಿತ್ತೀರೋ?" ಎಂದು ಕೇಳಿ, ಅವರ ಕಣ್ಣಲ್ಲಿ ನೀರು ಬರುವ ತನಕ ನಗಿಸಿದ್ದೆ, ಅವರನ್ನಲ್ಲ, ಉಳಿದವರನ್ನು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಮ್ಮವ್ವ ಹೇಳುತ್ತಿದ್ದಳು. ನನ್ನ ಬಾಯಲ್ಲಿ ಮುತ್ತು ಎಲ್ಲಿಂದ ಬರಬೇಕು.

ಆ ದಿನ ನಾರಾಯಣಖೇಡದ ಕಡೆಯ ಒಬ್ಬ ಪಟೇಲ ಬಂದ. ತೊಗರಿ ಹೊಲಕ್ಕೆ ಹಂದಿ ನುಗ್ಗುತ್ತವೆ ಎಂದು ಲೈಸೆನ್ಸ್ ಪಡೆದ ಒಂಟಿ ನಳಿಗೆಯ ಬಂದೂಕು ಅವನದು. ಗಂಡ ಹೆಂಡತಿ ಝರಾಸಂಗಂ ದೇವರಿಗೆ ಹೋಗಿ ಹಾಗೇ ಬಂದಿದ್ದರು. ಹೆಂಡತಿ ಒಳಗೆ ಬರದೆ ಮೆಟ್ಟಿಲ ಮೇಲೆ ಕುಳಿತಳು. ಹಣೆಗೆ ವಿಭೂತಿ, ಎರಡೂ ಕೈ ತುಂಬ ಆಗಷ್ಟೇ ಇಡಿಸಿಕೊಂಡ ಹಸಿರು ಬಳೆ.

"ಘೋಡಾ ಬೀಳ್ತದ, ಗುಂಡು ಹಾರಂಗಿಲ್ರಿ ಮಿಸ್ತ್ರಿ" ಅಂದ ಪಟೇಲ, ನಳಿಗೆಯ ಹಿಂದಿನ ಸುತ್ತಿಗೆಯಂಥ ಕೊಂಡಿ ತೋರಿಸುತ್ತ.

ಬಿಚ್ಚಿ ನೋಡಿದೆ. ಗುಂಡಿನ ಬೆನ್ನಿಗೆ ಬಡಿಯುವ ಸಣ್ಣ ಪಿನ್ನೇ ಇರಲಿಲ್ಲ. ಅದು ತಾನಾಗಿ ಬೀಳುವಂಥದ್ದಲ್ಲ. ಯಾರೋ ಅದನ್ನು ತೆಗೆದು, ಸ್ಕ್ರೂ ಮತ್ತೆ ಬಿಗಿದಿದ್ದರು. ಸ್ಕ್ರೂವಿನ ಕಚ್ಚು ಹರಿದಿತ್ತು.

"ಯಾರ್ ಮುಟ್ಯಾರ್ರಿ ಇದಕ? ನಮ್ಮ ಮನ್ಯಾಗ ಇದು ಯಾರಿಗಿ ಬರ್ತದ?" ಎಂದು ಪಟೇಲ ಕೇಳಿದ.

ನಾನು ತಲೆ ಎತ್ತಿದೆ. ಗಂಡನ ಬೆನ್ನ ಹಿಂದಿನಿಂದ ಆಕೆ ನನ್ನನ್ನೇ ನೋಡುತ್ತಿದ್ದಳು. ಬಳೆ ಸದ್ದಾಗದಂತೆ ಒಂದು ಕೈಯಿಂದ ಇನ್ನೊಂದನ್ನು ಒತ್ತಿ ಹಿಡಿದು, ಬೇಡ ಎಂಬಂತೆ ತಲೆಯಾಡಿಸಿದಳು. ಸೆರಗು ಸ್ವಲ್ಪ ಸರಿದಿತ್ತು. ಕಿವಿಯ ಕೆಳಗೆ ದುಂಡನೆಯ ಕಪ್ಪು ಗುರುತು, ನನ್ನ ಕೈಯಲ್ಲಿದ್ದ ನಳಿಗೆಯ ಬಾಯಷ್ಟೇ ಅಗಲ.

ಕೂದಲೆಳೆಯಷ್ಟು ವ್ಯತ್ಯಾಸ ಹಿಡಿಯುವ ಕಣ್ಣು ನನ್ನದು. ಅದು ಕಾಣಲಿಲ್ಲ ಎಂದರೆ ನಾಲಿಗೆಗೆ ಹುಳ ಬೀಳಲಿ. ಕಂಡಿತು, ಅರ್ಥವೂ ಆಯಿತು. ಇವನು ಅವಳ ಕುತ್ತಿಗೆಗೆ ಬಂದೂಕು ಒತ್ತುತ್ತಾನೆ, ಅವಳು ಪಿನ್ನು ತೆಗೆದು ಜೀವ ಉಳಿಸಿಕೊಂಡಿದ್ದಾಳೆ. ಪಿನ್ನು ಸವೆದು ಮುರಿದಿದೆ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಚಹಾದಂಗಡಿಯ ಮೂವರು ಬಾಗಿಲಿಗೆ ಬಂದು ನಿಂತಿದ್ದರು. ನನ್ನ ನಾಲಿಗೆ ತುರಿಸಿತು.

"ಇದು ಹೊಲಿಗೆ ಮಿಷನ್ನಿನ ಸಣ್ಣ ಪೇಚಕಸ್ ಕೆಲ್ಸ ನೋಡ್ರಿ ಪಟೇಲ್ರ. ಅಗಲ ನೋಡ್ರಿ, ಅದರದ್ದೇ. ಮ್ಯಾಗ ಎಡಕ್ಕೊಮ್ಮೆ ಬಲಕ್ಕೊಮ್ಮೆ ಜಾರ್ಯದ, ಬಲ ಸಾಲದ ಕೈ. ನಿಮ್ಮ ಮನ್ಯಾಗ ಯಾರೋ ದರ್ಜಿ ಅದಾರ!"

ಮೂವರೂ ನಕ್ಕರು. ಪಟೇಲನೂ ನಕ್ಕ, ಹಿಂದೆ ತಿರುಗಿ ನೋಡದೆ. ಆಕೆ ಎದ್ದು ಮೆಟ್ಟಿಲಿಳಿದು ಬಿಸಿಲಿಗೆ ಹೋಗಿ ನಿಂತಳು. ನಾನು ಹೊಸ ಪಿನ್ನು ಕೂರಿಸಿ, ಕೆಟ್ಟ ಸ್ಕ್ರೂ ಬದಲಿಸಿ, ಬಂದೂಕು ಒರೆಸಿ ಕೊಟ್ಟೆ.

ಎರಡು ತಿಂಗಳ ಮೇಲೆ ಪಟೇಲ ಒಬ್ಬನೇ ಬಂದ. ಭುಜಕ್ಕೆ ಆನಿಸುವ ಮರದ ತುದಿ ಸೀಳಿತ್ತು, ಅದಕ್ಕೆ ಬಡಿದ ಕಬ್ಬಿಣದ ಪಟ್ಟಿ ಅಲುಗಾಡುತ್ತಿತ್ತು.

"ನಿಮ್ಮ ಮಾತು ಖರೆ ಆತು ಮಿಸ್ತ್ರಿ. ದರ್ಜಿ ಸಿಕ್ಕಳು."

ಪಟ್ಟಿಯ ಸ್ಕ್ರೂ ಬಿಚ್ಚಬೇಕಿತ್ತು. ರೂಢಿಯಂತೆ ಸೂಜಿ ತೆಗೆದುಕೊಂಡು ಕಚ್ಚು ಕೆದಕಿದೆ. ಕಪ್ಪು ಮಣ್ಣಿನ ಜೊತೆ ಹಸಿರು ಬಳೆಯ ಒಂದು ಚೂರು ಬಟ್ಟೆಯ ಮೇಲೆ ಬಿತ್ತು.

"ಅಕ್ಕಾರ್ ಹ್ಯಾಂಗ ಅದಾರ್ರಿ?" ಸೂಜಿಯಿಂದ ಕಣ್ಣು ಎತ್ತದೆ ಕೇಳಿದೆ.

"ತವರಿಗಿ ಹೋಗ್ಯಾಳ. ಬಲಗೈ ಬೆರಳು ಮಡಚಾಕ ಬರಲ್ಲ. ಮಿಷನ್ ಮಾರಿಬಿಟ್ಟೆ, ಅದೇನ್ ಮಾಡಾಕ ಬೇಕು ಇನ್ನ."

ಚಹಾದಂಗಡಿಯವರು ಆಗಲೇ ಬಂದು ನಿಂತಿದ್ದರು. "ಏನ್ ಗುರ್ತ ಅದ ಮಿಸ್ತ್ರಿ, ಹೇಳ್ರಿ, ಹೇಳ್ರಿ" ಅಂದರು.

ಪೊಲೀಸ್ ಠಾಣೆ ನನ್ನ ಅಂಗಡಿಯಿಂದ ನೂರು ಹೆಜ್ಜೆ. ಬಂದೂಕು ಅಲ್ಲಿಗೆ ಒಯ್ದು, ಈ ಚೂರು ಅಲ್ಲಿಟ್ಟು, ಕಂಡದ್ದು ಹೇಳಬಹುದಿತ್ತು. ಕೆಲಸ ಮಾಡುವುದಿಲ್ಲ ಎಂದಾದರೂ ಅನ್ನಬಹುದಿತ್ತು. ಪಟೇಲ ದೊಡ್ಡ ಕುಳ, ನಾನು ಹೆದರಿದೆ. ಹೆಂಗಸಿನ ಗುಟ್ಟು ಒಡೆಯುವಾಗ ಉದ್ದವಿದ್ದ ನಾಲಿಗೆ ಗಂಡಸಿನ ತಪ್ಪು ಹೇಳುವಾಗ ಒಳಗೆ ಸೇದಿಕೊಂಡಿತು. ನನ್ನ ಬಗ್ಗೆ ನನಗೆ ಅಷ್ಟು ಹೇಸಿಗೆ ಹಿಂದೆಂದೂ ಆಗಿರಲಿಲ್ಲ.

"ಏನೂ ಇಲ್ರಿ, ಮಣ್ಣು ಅದ" ಎಂದು ಹೇಳಿ ಬಟ್ಟೆ ಕೊಡವಿದೆ.

ಮರದ ಸೀಳಿಗೆ ಅಂಟು ಹಾಕಿ ಕಟ್ಟಿ, ಸಂಜೆಯವರೆಗೆ ಒಣಗಲು ಬಿಟ್ಟೆ. ಆಮೇಲೆ ನಲವತ್ತರಲ್ಲಿ ಸರಿಯಾದದ್ದನ್ನು ಆರಿಸಿ, ತುದಿ ಕೂರಿಸಿ, ಮೈಭಾರ ಬಿಟ್ಟು, ಪಟ್ಟಿ ಬಿಗಿದೆ. ಪಟೇಲ ಬಂದೂಕನ್ನು ಬೆಳಕಿಗೆ ಹಿಡಿದು, ಪಟ್ಟಿಯ ಮೇಲೆ ಹೆಬ್ಬೆರಳು ಆಡಿಸಿದ.

"ಶಹಬ್ಬಾಸ್ ಮಿಸ್ತ್ರಿ" ಅಂದ. "ಒಂದ್ ಗುರ್ತ ಸುದ್ದಾ ಇಲ್ಲ ನೋಡ್ರಿ."