ಒದ್ದೆ ಕೈಯ ಪುಟ್ಟಗೌರಮ್ಮ

ಯಳಂದೂರಿನಿಂದ ಬಂಡಳ್ಳಿಗೆ ಸೊಸೆಯಾಗಿ ಬಂದ ಪುಟ್ಟಗೌರಮ್ಮ ಬಾವಿ, ಕೈಪಂಪು, ಬೀದಿಯ ನಲ್ಲಿ ಎಲ್ಲವನ್ನೂ ಕಂಡವರು. ಎಲ್ಲಿಯೇ ಆಗಲಿ, ಬಿಂದಿಗೆಯನ್ನು ಒಳಹೊರಗೆ ತೊಳೆಯದೆ ನೀರು ಹಿಡಿದವರಲ್ಲ. ಇಂಥವರಿಗೆ ಯಂತ್ರ ಕೆಡಿಸಿದವಳೆಂಬ ಹೆಸರು ಬಂತು.

ಊರಿನ ಶುದ್ಧ ನೀರಿನ ಘಟಕದಲ್ಲಿ ಮೊದಲು ಉಬ್ಬಿದ ಹಸಿರು ಗುಂಡಿಯೊಂದಿತ್ತು. ಒತ್ತಿದರೆ ಟಿಕ್ಕೆನ್ನುತ್ತಿತ್ತು, ನೀರು ಬೀಳುತ್ತಿತ್ತು. ಗುತ್ತಿಗೆದಾರರು ಕಳೆದ ವರ್ಷ ಅದನ್ನು ಕಿತ್ತು ನುಣುಪಾದ ಗಾಜಿನ ಫಲಕ ಕೂರಿಸಿದರು. ಬೆರಳು ತಾಗಿದ ಸುದ್ದಿಯನ್ನು ಫಲಕವು ಒಳಗಿನ ಚಿಪ್‌ಗೆ ಮುಟ್ಟಿಸಬೇಕು. ಚಿಪ್ ನೀರಿನ ವಾಲ್ವ್ ತೆರೆಸಬೇಕು. ಆದರೆ ಗಾಜಿನ ಮೇಲೆ ನೀರು ಹರಡಿದರೆ ಬೆರಳು ಯಾವುದು, ನೀರು ಯಾವುದು ಎಂದು ಆ ಫಲಕಕ್ಕೆ ತಿಳಿಯದು. ನೀರು ಹಿಡಿಯುವ ಜಾಗಕ್ಕೇ ಒದ್ದೆ ಕೈ ಒಲ್ಲದ ಯಂತ್ರ ತಂದಿಟ್ಟವರನ್ನು ಯಾರೂ ಪ್ರಶ್ನಿಸಲಿಲ್ಲ.

ಬಿಂದಿಗೆ ತೊಳೆದ ಕೈಯಿಂದ ಪುಟ್ಟಗೌರಮ್ಮ ಮುಟ್ಟಿದರು. ನೀರಿಲ್ಲ. ಅದುಮಿದರು, ಕೊನೆಗೆ ಗುದ್ದಿದರು. ಘಟಕ ನೋಡಿಕೊಳ್ಳುವ ಶಿವರಾಜು ಸಾಲಿನಲ್ಲಿದ್ದವರೆಲ್ಲ ಕೇಳುವಂತೆ, "ಗುದ್ದಕ್ಕೆ ಇದೇನು ಒಳ್ಕಲ್ಲಾ ಗೌರಕ್ಕ? ಕೆಡಿಸ್ಬುಟ್ಟೆ. ಇನ್ಮೇಲೆ ಮುಟ್ಬ್ಯಾಡ, ಬ್ಯಾರೆಯೋರ ಕೈಲಿ ಒತ್ತಿಸ್ಕೊ" ಎಂದ.

ಅಂದಿನಿಂದ ತಮ್ಮ ಮನೆಯ ನೀರಿಗೆ ಅವರು ಅವರಿವರ ಬೆರಳು ಬೇಡಬೇಕಾಯಿತು.

ದೂರು ಹೋಗಿ, ಕೊಳ್ಳೇಗಾಲದಿಂದ ರಿಪೇರಿಯ ಗುರುಪಾದಸ್ವಾಮಿ ಬಂದರು. ಒಣಬೆರಳಿನಿಂದ ಮುಟ್ಟಿದರು, ನೀರು ಸುರಿಯಿತು. "ಮಿಷನ್ ಸರಿಯಾಗೇ ಇದೆ. ಜನಕ್ಕೆ ಬಳಸೋದು ಗೊತ್ತಿಲ್ಲ, ಅಷ್ಟೆ."

ಹೊರಡುವ ಮುನ್ನ ತಮ್ಮ ಬಾಟಲಿಯನ್ನು ಪಕ್ಕದ ನಲ್ಲಿಯಲ್ಲಿ ತೊಳೆದು, ಮತ್ತೆ ಫಲಕ ಮುಟ್ಟಿದರು. ನೀರಿಲ್ಲ. ಇನ್ನೊಮ್ಮೆ. ಇಲ್ಲ. ಸ್ವಾಮಿಯವರು ಮುಷ್ಟಿ ಕಟ್ಟಿ ಗುದ್ದಿದರು.

"ನಿಧಾನ ಕಣ್ ಸಾ," ಎಂದರು ಪುಟ್ಟಗೌರಮ್ಮ, "ಕೆಟ್ಟೋದ್ರೆ ನನ್ನೆಸ್ರೇ ಯೋಳ್ತಾರೆ."

ಎಲ್ಲರೂ ನಕ್ಕರು. ಸ್ವಾಮಿಯವರು ಕೈಯನ್ನೂ ಗಾಜನ್ನೂ ಒರೆಸಿ ಮುಟ್ಟಿದರು, ನೀರು ಬಂತು.

"ಅವತ್ತು ಎಲ್ರ ಮುಂದೆ ಅಂದೆ," ಪುಟ್ಟಗೌರಮ್ಮ ಶಿವರಾಜುವಿನತ್ತ ತಿರುಗಿದರು. "ಇವತ್ತೂ ಎಲ್ರ ಮುಂದೇನೆ ಯೋಳು."

"ನೀನು ಕೆಡಿಸ್ನಿಲ್ಲ ಕಣಕ್ಕ," ಎಂದ ಅವನು, ನೆಲ ನೋಡುತ್ತ.

"ಹಳೇ ಗುಂಡಿ ಹಾಕ್ಕೊಡಿ ಸಾ," ಎಂದು ಪುಟ್ಟಗೌರಮ್ಮ ಸ್ವಾಮಿಯವರನ್ನು ಕೇಳಿದರು.

"ಅದೆಲ್ಲ ಹಳೇ ಮಾಡೆಲ್ ಅಮ್ಮ."

ಮರುವಾರ ಗುಂಡಿಯ ಬದಲು ಒಂದು ಬೋರ್ಡು ಬಂತು: ಕೈ ಒರೆಸಿಕೊಂಡು ಮುಟ್ಟಿ. ತಪ್ಪು ಯಂತ್ರದ್ದು, ತಿದ್ದಿಕೊಳ್ಳಬೇಕಾದವರು ಊರಿನವರು. ಪುಟ್ಟಗೌರಮ್ಮ ಇಂದಿಗೂ ಕೈ ಒರೆಸಿಕೊಂಡಿಲ್ಲ. ಬಿಂದಿಗೆ ತೊಳೆದಿಟ್ಟು, ನೆರಳಲ್ಲಿ ಕೂತ ಶಿವರಾಜುವನ್ನು ದಿನವೂ ಎಬ್ಬಿಸುತ್ತಾರೆ.

"ಬಾಪ್ಪಾ, ಒತ್ತು. ಗುಂಡಿ ಬರೋಗಂಟ ನೀನೇ ನನ್ ಗುಂಡಿ."