ಕೋಸಂಬರಿಗೆ ಮೂರು ಕೈ ಉಪ್ಪು

ಆಟೋದವರು ದೊನ್ನೆಯಿಂದ ಒಂದು ಹಿಡಿ ಕೋಸಂಬರಿ ತೆಗೆದು ಬಾಯಿಗೆ ಹಾಕಿಕೊಂಡರು. ಎರಡು ಸಲ ಅಗಿದರು. ಕಣ್ಣು ಮುಚ್ಚಿದರು.

ಭಕ್ತಿ ಇರಬೇಕು ಅಂದುಕೊಂಡೆ. ರಾಮನವಮಿ ನೋಡಿ.

ಕಣ್ಣು ಬಿಟ್ಟವರು ದೊನ್ನೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಆಮೇಲೆ ಬಹಳ ಮರ್ಯಾದೆಯಿಂದ ಕೇಳಿದರು: "ಮೇಡಂ, ರಾಮ ಸಮುದ್ರ ದಾಟಿ ಹೋದ ಅಂತ ಕೇಳಿದ್ದೆ. ನೀವು ಸಮುದ್ರಾನ ಇಲ್ಲಿಗೇ ತರಿಸ್ಬಿಟ್ಟಿದೀರಲ್ಲ?"

ಅವರ ಹಿಂದಿನ ಕ್ಯೂ ಬೀದಿಯ ತಿರುವಿನವರೆಗೂ ಇತ್ತು. ನನ್ನ ಪಕ್ಕದಲ್ಲಿ ಎರಡು ದೊಡ್ಡ ಬೋಸಿಗಳ ತುಂಬ ಅದೇ ಕೋಸಂಬರಿ. ಈ ಅಂಕಣದಲ್ಲಿ ಬೇರೆಯವರ ಪೆದ್ದುತನದ ಬಗ್ಗೆ ನಾನು ಬೇಕಾದಷ್ಟು ಬರೆದಿದ್ದೇನೆ. ನೀವೂ ಓದಿ ನಕ್ಕಿದ್ದೀರಿ. ಈ ವಾರ ನನ್ನ ಸರದಿ, ಧಾರಾಳವಾಗಿ ನಗಬಹುದು.

ಮೊದಲಿಂದ ಹೇಳುತ್ತೇನೆ. ಎರಡು ತಿಂಗಳ ಹಿಂದೆ ಆಫೀಸಿನಲ್ಲಿ ನನಗೆ ಪ್ರಮೋಷನ್ ಆಯಿತು. ಕೈಕೆಳಗೆ ಒಂಬತ್ತು ಜನ. ಆದ ಕೂಡಲೇ ಒಂದು ಹೋಟೆಲಿನಲ್ಲಿ ಎರಡು ದಿನದ ಲೀಡರ್‌ಶಿಪ್ ಟ್ರೈನಿಂಗ್‌ಗೆ ಕಳಿಸಿದರು. ಅಲ್ಲಿ ನಮ್ಮ ಕಣ್ಣಿಗೆ ಬಟ್ಟೆ ಕಟ್ಟಿ, ಕೈಗೊಂದು ಹಗ್ಗ ಕೊಟ್ಟು, ಎಲ್ಲರೂ ಸೇರಿ ಚೌಕ ಮಾಡಿ ಎಂದರು. ನಮ್ಮ ಗುಂಪಿನದು ಆಲೂಗಡ್ಡೆಯ ಆಕಾರ ಬಂತು. ಆದರೂ ಸರ್ಟಿಫಿಕೇಟ್ ಕೊಟ್ಟರು. ನನಗೆ ನಾಯಕತ್ವ ಬಂದುಬಿಟ್ಟಿದೆ ಎಂದು ನಾನು ನಂಬಿದ್ದು ಆಗ.

ಅದೇ ವಾರ ಪದ್ಮಕ್ಕ ಕರೆದರು. ಶಂಕರಪುರದ ನಮ್ಮ ಬೀದಿಯಲ್ಲಿ ಪದ್ಮಕ್ಕನನ್ನು ತಿಳಿಯದವರಿಲ್ಲ. ನಿವೃತ್ತ ಟೀಚರ್. ಪ್ರತಿ ರಾಮನವಮಿಗೆ ಬೀದಿಯವರೆಲ್ಲ ಸೇರಿ ಮೂಲೆಯಲ್ಲಿ ಚಪ್ಪರ ಹಾಕಿ ಹೋಗಿಬರುವವರಿಗೆಲ್ಲ ಪಾನಕ, ನೀರುಮಜ್ಜಿಗೆ, ಕೋಸಂಬರಿ ಕೊಡುವುದು ನಮ್ಮಲ್ಲಿ ಹಳೆಯ ರೂಢಿ. ಅದರ ಯಜಮಾನಿಕೆ ಇಷ್ಟು ವರ್ಷವೂ ಅವರದೇ.

"ನನ್ನ ಮಂಡಿ ಈ ವರ್ಷ ರಾಜೀನಾಮೆ ಕೊಟ್ಟಿದೆ ಸುಮಾ. ನೀನು ನೋಡ್ಕೋತೀಯಾ? ಸಂಜೆ ಎಲ್ಲ ಮುಗಿದ್ಮೇಲೆ ಟ್ರಂಕಿನ ಕೀ ಯಾರಿಗೆ ಅಂತ ಹೇಳ್ತೀನಿ" ಎಂದರು.

ಟ್ರಂಕು ಎಂದರೆ ಕೊಳಗ, ಬೋಸಿ, ಮಾರುದ್ದದ ಸೌಟುಗಳನ್ನೆಲ್ಲ ಇಡುವ ಕಬ್ಬಿಣದ ಪೆಟ್ಟಿಗೆ. ಅದರ ಕೀ ಯಾರ ಸೊಂಟದಲ್ಲಿದೆಯೋ ಅವರು ಬೀದಿಯ ಹಿರಿಯರು. ನಾನು ಈ ಬೀದಿಗೆ ಸೊಸೆಯಾಗಿ ಬಂದು ಇಪ್ಪತ್ತೆರಡು ವರ್ಷವಾಯಿತು. ಇವತ್ತಿಗೂ ನನ್ನನ್ನು 'ಹೊಸ ಸೊಸೆ' ಎನ್ನುವವರು ಇಬ್ಬರಿದ್ದಾರೆ. ಆಫೀಸಿನ ಪ್ರಮೋಷನ್ನಿಗಿಂತ ಆ ಕೀ ಮೇಲೆ ನನಗೆ ಹೆಚ್ಚು ಆಸೆ ಇತ್ತು. ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಮೇಲಾಗಿ ಅದೇನು ಮಹಾ ಕೆಲಸ? ಪದ್ಮಕ್ಕ ರಾಮನವಮಿಯ ದಿನ ಮಾಡುತ್ತಿದ್ದುದನ್ನು ನಾನು ನೋಡಿಲ್ಲವೇ? ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದರು. ಅಷ್ಟೇ.

ಎದ್ದು ಹೊರಡುವಾಗ ಅವರು ಇನ್ನೊಂದು ಮಾತು ಹೇಳಿದರು. ಉಪ್ಪು ಮಾತ್ರ ಒಂದೇ ಕೈಯಲ್ಲಿರಲಿ ಎಂದು. ನಾನು ಹೂಂ ಎಂದೆ, ಆದರೆ ಕಿವಿಗೆ ಹಾಕಿಕೊಳ್ಳಲಿಲ್ಲ. (ಟ್ರೈನಿಂಗಿನ ಮೊದಲ ದಿನದ ಮೊದಲ ಪಾಠ 'ಕೇಳಿಸಿಕೊಳ್ಳುವುದು ಹೇಗೆ'. ನೋಟ್ಸ್ ಇನ್ನೂ ಬ್ಯಾಗಿನಲ್ಲಿದೆ.)

ಮನೆಗೆ ಬಂದವಳೇ ವಾಟ್ಸಾಪ್ ಗ್ರೂಪ್ ಮಾಡಿದೆ. ಹೆಸರು 'ರಾಮನವಮಿ ಕೋರ್ ಟೀಮ್'. ಹದಿನಾಲ್ಕು ಜನ. ಒಂದು ಎಕ್ಸೆಲ್ ಶೀಟ್. ಬೇಳೆ ನೆನೆಸುವವರು, ಸೌತೆಕಾಯಿ ಹೆಚ್ಚುವವರು, ಬೆಲ್ಲ ಕುಟ್ಟುವವರು, ಎಲ್ಲರಿಗೂ ಒಂದೊಂದು ಬಣ್ಣ. ಕೊನೆಗೆ ದಪ್ಪಕ್ಷರದಲ್ಲಿ ಒಂದು ಸಾಲು: ಯಾರೂ ಏನೂ ನನ್ನನ್ನು ಕೇಳದೆ ಮಾಡಬಾರದು.

ಮೀಟಿಂಗೂ ಮಾಡಿದೆ. ಎಲ್ಲರೂ ಮಾತಾಡಿದರು, ವಠಾರದ ಹಿಂದಿನ ಮನೆಯ ಶಾರದಮ್ಮ ಒಬ್ಬರನ್ನು ಬಿಟ್ಟು. ಅರವತ್ತು ದಾಟಿದವರು, ಗೋಡೆಗೊರಗಿ ಕೂತು ಸುಮ್ಮನೆ ಕೇಳುತ್ತಿದ್ದರು. ಇವರಿಗೆ ಇನಿಷಿಯೇಟಿವ್ ಇಲ್ಲ ಎಂದು ನಾನು ಅಲ್ಲೇ ತೀರ್ಮಾನ ಮಾಡಿ, ಪೇಪರ್ ಲೋಟ ಜೋಡಿಸುವ ಕೆಲಸ ಕೊಟ್ಟೆ. ಇಷ್ಟು ವರ್ಷ ಅವರು ಏನು ಮಾಡುತ್ತಿದ್ದರು ಎಂದು ಕೇಳಬೇಕೆಂದು ಹೊಳೆಯಲೇ ಇಲ್ಲ. ಅವರೂ ಹೇಳಲಿಲ್ಲ.

ರಾಮನವಮಿಯ ಬೆಳಿಗ್ಗೆ ಆರಕ್ಕೆ ಶುರುವಾಯಿತು ನೋಡಿ. ಸೌತೆಕಾಯಿ ದಪ್ಪ ಹೆಚ್ಚಬೇಕಾ ಸಣ್ಣಗೆ ಹೆಚ್ಚಬೇಕಾ? ಏಲಕ್ಕಿ ಸಿಪ್ಪೆ ತೆಗೆಯಬೇಕಾ? ಮಾವಿನ ತೋರಣ ಎತ್ತರ ಸಾಕಾ? ಎಲ್ಲರೂ ನನ್ನನ್ನೇ ಕೇಳುತ್ತಿದ್ದರು. ಎಲ್ಲದಕ್ಕೂ ನಾನು ಉತ್ತರ ಕೊಡುತ್ತಿದ್ದೆ. ಸತ್ಯ ಹೇಳುತ್ತೇನೆ, ನಾಲ್ಕು ಜನ ನಮ್ಮ ಮುಖ ನೋಡಿ 'ಹೀಗೆ ಮಾಡಲಾ?' ಎಂದು ಕೇಳುವಾಗ ಆಗುವ ಖುಷಿ ಬೇರೆ ಯಾವುದರಲ್ಲೂ ಇಲ್ಲ. ಮನೆಯಲ್ಲಿ ಯಜಮಾನರು ಕಣ್ಣೆದುರಿಗೇ ನೇತಾಡುವ ಟವೆಲ್ಲನ್ನು ಎಲ್ಲಿದೆ ಎಂದು ಕೇಳಿದಾಗ ನಾವು ಬೈಯುತ್ತೇವಲ್ಲ, ಆ ಬೈಗುಳದ ಒಳಗೂ ಸ್ವಲ್ಪ ಖುಷಿ ಇರುತ್ತದೆ. ಇಲ್ಲ ಅನ್ನಿ ನೋಡೋಣ?

ಈಗ ಉಪ್ಪಿನ ವಿಷಯ. ದೇವರಿಗೆ ನೈವೇದ್ಯ ಆಗುವವರೆಗೆ ಅಡುಗೆಯನ್ನು ಯಾರೂ ಬಾಯಿಗೆ ಹಾಕಿ ನೋಡುವಂತಿಲ್ಲ. ಅದರಲ್ಲೂ ಕೋಸಂಬರಿಗೆ ಉಪ್ಪು ಬೀಳುವುದು ಕಟ್ಟಕಡೆಗೆ. ಮೊದಲೇ ಹಾಕಿದರೆ ಸೌತೆಕಾಯಿ ನೀರು ಬಿಡುತ್ತದೆ. ಹಾಗಾಗಿ ಅರ್ಚಕರು ಬರುವ ಹೊತ್ತಿಗೆ ಸರಿಯಾಗಿ, ರುಚಿ ನೋಡದೆ, ಕಣ್ಣಳತೆಯಲ್ಲಿ ಹಾಕಬೇಕು. ನನ್ನ ಎಕ್ಸೆಲ್ಲಿನಲ್ಲಿ ಉಪ್ಪಿಗೆ ಬಣ್ಣವೇ ಇರಲಿಲ್ಲ.

ಹನ್ನೊಂದಕ್ಕೆ ಹತ್ತು ನಿಮಿಷ ಇರುವಾಗ ನಾನು ಫೋನಿನಲ್ಲಿ ಶಾಮಿಯಾನದವರ ಜೊತೆ ಜಗಳವಾಡುತ್ತಿದ್ದೆ. (ಕೇಸರಿ ಬಟ್ಟೆ ಎಂದರೆ ಗುಲಾಬಿ ತಂದಿದ್ದರು. ರಾಮನಿಗೆ ಅದರಿಂದ ಏನೂ ತೊಂದರೆ ಇರಲಿಲ್ಲ.) ಮೇಲಿನ ಮನೆಯ ಲತಾ ಬಂದು "ಉಪ್ಪು ಹಾಕ್ಲಾ ಮೇಡಂ?" ಎಂದಳು. ಫೋನ್ ಕಿವಿಯಲ್ಲೇ ಇಟ್ಟುಕೊಂಡು ತಲೆ ಆಡಿಸಿದೆ. ಲತಾ ಹಾಕಿ ಹೂ ತರಲು ಓಡಿದಳು. ಮೂಲೆ ಮನೆಯ ಮೇಷ್ಟ್ರು ಬಂದು ಅದನ್ನೇ ಕೇಳಿದರು. ತಲೆ ಆಡಿಸಿದೆ. ಮೂರನೆಯವರಾಗಿ ನನ್ನ ಯಜಮಾನರು ಬಂದರು. ಅವರಿಗೂ ಆಡಿಸಿದೆ.

ಮೂವರೂ ನನ್ನನ್ನು ಕೇಳಿದರು. ಒಬ್ಬರನ್ನೊಬ್ಬರು ಕೇಳಲಿಲ್ಲ. ಯಾಕೆ ಕೇಳುತ್ತಾರೆ? ನನ್ನನ್ನು ಕೇಳಬೇಕೆಂದು ದಪ್ಪಕ್ಷರದಲ್ಲಿ ಬರೆದವಳು ನಾನೇ ತಾನೇ?

ನೈವೇದ್ಯ ಆಯಿತು. ಮಂಗಳಾರತಿ ಆಯಿತು. ಮೊದಲ ದೊನ್ನೆ ಆಟೋದವರ ಕೈಗೆ ಹೋಯಿತು. ಮುಂದಿನದು ನಿಮಗೆ ಗೊತ್ತು.

ನಾನೊಂದು ಚೂರು ಬಾಯಿಗಿಟ್ಟುಕೊಂಡು ನೋಡಿದೆ. ಆಟೋದವರು ಬಹಳ ಸೌಮ್ಯವಾಗಿ ಹೇಳಿದ್ದರು. ಹದಿನಾಲ್ಕು ಜನವೂ ಸುತ್ತ ಬಂದು ನಿಂತರು. ಯಾರು ಹಾಕಿದ್ದು ಎಂದು ಯಾರೋ ಕೇಳಿದರು. ಲತಾಳ ಮುಖ ಬಾಡಿತು. ಮೇಷ್ಟ್ರು ಕನ್ನಡಕ ತೆಗೆದು ಒರೆಸತೊಡಗಿದರು. ಪಾಪ, ನನ್ನ ಯಜಮಾನರು ಚಪ್ಪರದ ಕಂಬದ ಹಿಂದೆ ಸರಿದರು.

ಆ ಕ್ಷಣ ನನ್ನ ಕಣ್ಣ ಮುಂದೆ ಬಂದದ್ದು ಕೀ. ಅಲ್ಲೇ ಕುರ್ಚಿಯಲ್ಲಿ ಪದ್ಮಕ್ಕ ಕೂತಿದ್ದರು. 'ಮೂರು ಜನ ಹಾಕಿದ್ದಾರೆ, ನಾನೇನು ಮಾಡಲಿ' ಎಂದರೆ ಮಾತು ಸುಳ್ಳಲ್ಲ. ನಾಲಿಗೆಯ ತುದಿಗೆ ಬಂದೂ ಇತ್ತು. ಲತಾಳ ಮುಖ ನೋಡಿ ನುಂಗಿಕೊಂಡೆ.

"ಯಾರದೂ ತಪ್ಪಿಲ್ಲ. ಮೂರು ಸಲ ಹಾಕಿ ಅಂತ ತಲೆ ಆಡಿಸಿದ್ದು ನಾನು" ಎಂದೆ. ನಂತರ ಏನು ಮಾಡಬೇಕೋ ತೋಚದೆ ಸುತ್ತ ನೋಡಿದೆ. ಬೆಳಗಿನಿಂದ ನನ್ನನ್ನು ಏನೂ ಕೇಳದಿದ್ದವರು ಒಬ್ಬರೇ. ಪೇಪರ್ ಲೋಟಗಳ ಸಾಲಿನ ಹಿಂದೆ ನಿಂತಿದ್ದ ಶಾರದಮ್ಮ. ಹತ್ತಿರ ಹೋಗಿ ಮೆಲ್ಲಗೆ ಕೇಳಿದೆ, ಏನು ಮಾಡೋದು ಹೇಳಿ ಎಂದು.

ಶಾರದಮ್ಮ ಸೆರಗಿಗೆ ಕೈ ಒರೆಸಿಕೊಂಡರು. ಮೊದಲು ಕ್ಯೂಗೆ ಪಾನಕ ಕೊಡಲು ಶುರು ಮಾಡಿಸಿದರು. ಆಮೇಲೆ ಬೋಸಿಯನ್ನು ಓರೆ ಮಾಡಿ, ಸೌತೆಕಾಯಿ ಬಿಟ್ಟಿದ್ದ ಉಪ್ಪುನೀರನ್ನೆಲ್ಲ ಬಸಿದು ಎರಡನೇ ಕೊಳಗದ ಮಜ್ಜಿಗೆಗೆ ಸುರಿದರು. ಅದಕ್ಕೆ ಇನ್ನೂ ಉಪ್ಪು ಬಿದ್ದಿರಲಿಲ್ಲ. ಅಷ್ಟು ಮಾಡಿ ಬೀದಿಯವರ ಕಡೆ ತಿರುಗಿ ಒಂದೇ ಒಂದು ಮಾತು ಕೇಳಿದರು: "ನಿಮ್ಮನೆಗಳಲ್ಲಿ ಪೂಜೆ ಹನ್ನೆರಡಕ್ಕೆ ಅಲ್ವಾ? ಬೇಳೆಗೆ ಇನ್ನೂ ಉಪ್ಪು ಹಾಕಿರಲ್ಲ ತಾನೇ?"

ಮೊದಲು ನಗು. ಆಮೇಲೆ ಓಟ.

ಹೌದಲ್ಲ! ರಾಮನವಮಿಯ ದಿನ ಶಂಕರಪುರದ ಯಾವ ಮನೆಯಲ್ಲಿ ಹೆಸರುಬೇಳೆ ನೆನೆದಿರುವುದಿಲ್ಲ? ಮನೆಯ ರಾಮನಿಗೆ ಒಂದು ಬಟ್ಟಲು ಎತ್ತಿಟ್ಟು ಮಿಕ್ಕಿದ್ದನ್ನೆಲ್ಲ ಜನ ಹೊತ್ತು ತಂದರು. ಸ್ಟೀಲ್ ಡಬ್ಬಿ, ಕುಕ್ಕರಿನ ಪಾತ್ರೆ, ಒಬ್ಬರಂತೂ ಮಿಕ್ಸಿ ಜಾರಿನಲ್ಲೇ ತಂದರು. ಪಕ್ಕದ ಬೀದಿಗೂ ಸುದ್ದಿ ಹೋಗಿ ಅಲ್ಲಿಂದಲೂ ಎರಡು ಬೋಗುಣಿ ಬಂತು. ತಳ್ಳುಗಾಡಿಯವರು ಎಳೆ ಸೌತೆಕಾಯಿ ಸುರಿದು ಹೋದರು. ಲತಾ ಹೆಚ್ಚಿದಳು, ಮೇಷ್ಟ್ರು ಕಾಯಿ ತುರಿದರು, ನನ್ನ ಯಜಮಾನರು ಕಂಬದ ಹಿಂದಿನಿಂದ ಹೊರಬಂದು ಕೊತ್ತಂಬರಿ ಬಿಡಿಸಿದರು. ಎಲ್ಲವೂ ಆ ಉಪ್ಪು ಕೋಸಂಬರಿಗೇ ಬೆರೆಯಿತು. ನಾನು ಲೋಟ ಜೋಡಿಸಿದೆ. (ಅದೂ ಅಷ್ಟು ಸುಲಭವಲ್ಲ, ಗಾಳಿಗೆ ಹಾರುತ್ತವೆ.)

ಒಂದು ವಿಚಿತ್ರ ಗಮನಿಸಿದೆ. ಈಗ ಎಲ್ಲರೂ ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಿದ್ದರು. ಸಾಕಾ, ಇನ್ನಷ್ಟು ಬೇಕಾ, ಆ ಬೋಸಿಗೆ ಹಾಕಿದಿರಾ ಎಂದು. ಶಾರದಮ್ಮ ಯಾರಿಗೂ ಏನನ್ನೂ ಹೇಳುತ್ತಿರಲಿಲ್ಲ. ನೈವೇದ್ಯ ಆಗಿತ್ತಾದ್ದರಿಂದ ಈಗ ರುಚಿ ನೋಡಬಹುದಿತ್ತು. ಆದರೂ ಅವರು ತಾವು ನೋಡದೆ ಆಟೋದವರನ್ನು ಕರೆದು ಅವರ ಕೈಗೇ ಒಂದು ದೊನ್ನೆ ಕೊಟ್ಟರು. ಆಟೋದವರು ಮತ್ತೆ ಕಣ್ಣು ಮುಚ್ಚಿದರು. ಬೀದಿಯೇ ಉಸಿರು ಬಿಗಿಹಿಡಿಯಿತು.

"ಈಗ ರಾಮ ಸಮುದ್ರ ದಾಟ್ದ" ಎಂದರು.

ಚಪ್ಪಾಳೆ ಬಿತ್ತು. ಕೋಸಂಬರಿ ಒಂದು ಗಂಟೆಯೊಳಗೆ ಖಾಲಿ. ಮಜ್ಜಿಗೆ ಅದಕ್ಕಿಂತ ಮೊದಲೇ ಖಾಲಿ. ಇಷ್ಟು ರುಚಿಯ ಮಜ್ಜಿಗೆ ನಮ್ಮ ಬೀದಿಯಲ್ಲಿ ಹಿಂದೆಂದೂ ಆಗಿರಲಿಲ್ಲವಂತೆ. ರೆಸಿಪಿ ಕೇಳಿದವರಿಗೆ ನಾವ್ಯಾರೂ ಹೇಳಿಲ್ಲ.

ಸಂಜೆ ಪದ್ಮಕ್ಕನ ಮನೆಯ ಜಗುಲಿಯಲ್ಲಿ ಎಲ್ಲರೂ ಸೇರಿದೆವು. ಕೀ ಕೈತಪ್ಪಿತು ಎಂದು ನಾನು ಖಾತ್ರಿ ಮಾಡಿಕೊಂಡಿದ್ದೆ. ಬೇಜಾರಿತ್ತು. ಆದರೂ ನಾನೇ ಬಾಯಿಬಿಟ್ಟು, ಕೀ ಶಾರದಮ್ಮನವರಿಗೆ ಕೊಡಿ ಎಂದೆ.

ಬೆಳಗಿನಿಂದ ಎಷ್ಟು ಜನ ನಿನ್ನನ್ನು ಪ್ರಶ್ನೆ ಕೇಳಿದರು ಎಂದರು ಪದ್ಮಕ್ಕ. ಲೆಕ್ಕವೇ ಇಲ್ಲ ಎಂದೆ.

"ಇಷ್ಟು ವರ್ಷದಲ್ಲಿ ನನ್ನನ್ನ ಯಾರೂ ಏನೂ ಕೇಳಿಲ್ಲ ಕಣೆ. ಕುರ್ಚಿ ಹಾಕ್ಕೊಂಡು ಕೂತಿರ್ತಿದ್ದೆ. ಹಾಗೆ ಕೂತ್ಕೊಳೋದು ಕಲಿಯೋಕೇ ನನಗೆ ಆರು ವರ್ಷ ಹಿಡೀತು."

ಆ ಮಾತು ನನಗೆ ಸರಿಯಾಗಿ ನಾಟಿತು. ಆಫೀಸಿನ ನನ್ನ ಒಂಬತ್ತು ಜನ ಒಬ್ಬೊಬ್ಬರಾಗಿ ನೆನಪಾದರು. ಒಂದು ಪತ್ರ ಕಳಿಸಬೇಕಾದರೂ ನನ್ನ ಟೇಬಲ್ಲಿನ ಮುಂದೆ ಬಂದು ನಿಲ್ಲುತ್ತಾರೆ. ಅವರಿಗೆ ನನ್ನ ಮೇಲೆ ಎಷ್ಟು ಗೌರವ ಎಂದು ನಾನು ಮನೆಯಲ್ಲಿ ಹೇಳಿಕೊಂಡು ಬೀಗಿದ್ದೆ. ಅವರಲ್ಲೂ ಒಬ್ಬರು ಶಾರದಮ್ಮ ಇರಬಹುದು. ಅವರ ಕೈಗೂ ನಾನು ಲೋಟ ಕೊಟ್ಟು ಕೂರಿಸಿರಬಹುದು.

ಪದ್ಮಕ್ಕ ಸೊಂಟದಿಂದ ಕೀ ತೆಗೆದು ನನ್ನ ಅಂಗೈಗೆ ಹಾಕಿ ಮುಷ್ಟಿ ಮುಚ್ಚಿಸಿದರು. ನನಗೇ ಯಾಕೆ ಎಂದು ಕೇಳಿದೆ.

"ಬೆಳಿಗ್ಗೆ ಲತಾ ಹೆಸರು ಹೇಳ್ಬಿಡ್ತೀಯ ಅಂತ ಕಾಯ್ತಿದ್ದೆ. ಹೇಳ್ಲಿಲ್ಲ. ಮಿಕ್ಕಿದ್ದು ಬರುತ್ತೆ ಬಿಡು" ಎಂದರು.

ಖುಷಿಯಲ್ಲಿ ನಾನು ಅಲ್ಲೇ ಅಧಿಕಾರ ಚಲಾಯಿಸಿದೆ. ಮುಂದಿನ ವರ್ಷದಿಂದ ಉಪ್ಪು ಶಾರದಮ್ಮನವರದು, ಬೇರೆ ಯಾರ ಕೈಯೂ ತಾಕುವಂತಿಲ್ಲ ಎಂದೆ. ಲತಾ, ಮೇಷ್ಟ್ರು ಒಟ್ಟಿಗೆ ನಕ್ಕರು. ಇಷ್ಟು ವರ್ಷವೂ ಉಪ್ಪು ಶಾರದಮ್ಮನವರದೇ ಆಗಿತ್ತಂತೆ. ನನಗೊಬ್ಬಳಿಗೇ ಗೊತ್ತಿರಲಿಲ್ಲ.

ಶಾರದಮ್ಮ ಹೂಂ ಎಂದರು, ಆದರೆ ಒಂದು ಷರತ್ತು ಹಾಕಿದರು: "ನಾನು ಉಪ್ಪು ಹಾಕೋ ಹತ್ತು ನಿಮಿಷ ನೀವು ಚಪ್ಪರದ ಒಳಗಿರ್ಬಾರ್ದು ಮೇಡಂ."

ಜಗುಲಿ ತುಂಬ ನಗು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನೇ. ಷರತ್ತಿಗೆ ಒಪ್ಪಿ, ಕೀ ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆಗೆ ಬಂದೆ.

ಅಂದಿನಿಂದ ಒಂದೇ ಯೋಚನೆ: ಹತ್ತು ನಿಮಿಷ ಸುಮ್ಮನೆ ಹೊರಗೆ ನಿಲ್ಲುವುದಕ್ಕೆ ಯಾವ ಹೋಟೆಲಿನಲ್ಲಾದರೂ ಟ್ರೈನಿಂಗ್ ಕೊಡುತ್ತಾರಾ?